ಉಡಚಮ್ಮನ ಹಲ್ಲಿನ ಪುಸ್ತಕ

ಅಂಗನವಾಡಿ ಕೇಂದ್ರದಲ್ಲಿ ಯಾವ ಯಾವ ಪುಸ್ತಕ ಇರಬೇಕು ಎಂಬುದಕ್ಕೆ ಸರ್ಕಾರದ ಪಟ್ಟಿಯೇ ಇದೆ. ಹಾಜರಿಗೊಂದು, ಊಟಕ್ಕೊಂದು, ಚುಚ್ಚುಮದ್ದಿಗೊಂದು, ತೂಕಕ್ಕೊಂದು. ಅಷ್ಟೂ ಸಾಲದೆಂದು ಈಗ ಮೊಬೈಲಿನಲ್ಲೂ ಅದನ್ನೇ ಇನ್ನೊಮ್ಮೆ ತುಂಬಬೇಕು. ಮೇಲ್ವಿಚಾರಕಿಯಾದ ನಾನು ಊರೂರು ಸುತ್ತಿ ಆ ಪುಸ್ತಕಗಳನ್ನು ನೋಡಿ, ಸಹಿ ಹಾಕಿ, ತಪ್ಪಿದ್ದರೆ ಗದರಿಸಿ ಬರುವವಳು. ಸಹಿಗಿಂತ ಗದರಿಸುವುದನ್ನೇ ನಾನು ಚೆನ್ನಾಗಿ ಮಾಡುತ್ತೇನೆ ಎಂದು ನನ್ನ ಗಂಡ ಹೇಳುವುದುಂಟು.

ಆರು ವರ್ಷದ ಹಿಂದೆ ಹರಿಹರ ತಾಲ್ಲೂಕಿನ ಸಾರಥಿಯಲ್ಲಿ ಉಡಚಮ್ಮನ ಕೇಂದ್ರಕ್ಕೆ ಮೊದಲ ಸಲ ಹೋದಾಗ, ಆ ಪಟ್ಟಿಯಲ್ಲಿಲ್ಲದ ಪುಸ್ತಕವೊಂದು ನನ್ನ ಕೈಗೆ ಸಿಕ್ಕಿತು. ದಪ್ಪ ರಟ್ಟಿನ ಉದ್ದನೆಯ ಪುಸ್ತಕ, ಹರಿಯಬಾರದೆಂದು ಬೆನ್ನಿಗೆ ಹಳೆ ಸೀರೆಯ ಅಂಚು ಹೊಲಿದಿತ್ತು. ಒಳಗೆ ಗೆರೆ ಎಳೆದು ಮಗುವಿನ ಹೆಸರು, ತಾಯಿಯ ಹೆಸರು, ಮೊದಲ ಹಲ್ಲು ಯಾವ ತಿಂಗಳಿಗೆ ಬಂತು, ಮೇಲಿನದೋ ಕೆಳಗಿನದೋ, ಬಿದ್ದದ್ದು ಯಾವಾಗ, ಹೊಸದು ಬಂದದ್ದು ಯಾವಾಗ ಎಂದೆಲ್ಲ ಗುಂಡು ಅಕ್ಷರದಲ್ಲಿ ಬರೆದಿತ್ತು. ಕೊನೆಯ ಅಂಕಣದಲ್ಲಿ ಸೋದರಮಾವನ ಹೆಸರು.

“ಇದ್ಯಾವ ಪುಸ್ತಕ ಉಡಚಮ್ಮ? ಯಾರು ಇಡೋಕೆ ಹೇಳಿದ್ರು?” ಎಂದೆ.

“ಯಾರೂ ಹೇಳಿಲ್ರಿ ಮೇಡಂ. ನಾನೇ ಇಟ್ಕೊಂಡೀನಿ.”

“ಹಲ್ಲಿಗೆ ಅಂತ ಸರ್ಕಾರದಲ್ಲಿ ಕಾಲಂ ಇಲ್ಲ.”

“ಸರ್ಕಾರದಾಗಿಲ್ದಿದ್ರೆ ಏನ್ರಿ, ಮಕ್ಳಿಗೆ ಹಲ್ಲು ಬರೋದು ನಿಲ್ತೈತಾ?”

“ಸೋದರಮಾವಂದಿರ ಹೆಸರು ಯಾಕೆ?”

“ಅವ್ರೂ ಬೇಕಾಗ್ತಾರ್ರಿ,” ಎಂದು ಅವಳು ಟೀ ಸೋಸಲು ಎದ್ದಳು.

ನನಗೆ ಪಿತ್ತ ನೆತ್ತಿಗೇರಿತು. ಮಗುವಿಗೆ ಕೆಳಗಿನ ಹಲ್ಲು ಮೊದಲು ಬಂದರೆ ಸರಿ, ಮೇಲಿನದು ಮೊದಲು ಬಂದರೆ ಸೋದರಮಾವನಿಗೆ ಕಂಟಕ ಎಂಬ ಮಾತು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ದಾವಣಗೆರೆಯ ವಿನೋಬನಗರದ ನಮ್ಮ ಬೀದಿಯಲ್ಲೂ ಅನ್ನುತ್ತಾರೆ, ಹಳ್ಳಿಯಲ್ಲೂ ಅನ್ನುತ್ತಾರೆ. ಈ ಒಂದು ವಿಷಯದಲ್ಲಿ ಹಿಂದೂ ಮನೆಗೂ ಮುಸಲ್ಮಾನರ ಮನೆಗೂ ವ್ಯತ್ಯಾಸವಿಲ್ಲ. ಇವಳು ಕಂಟಕ ತಗಲುವ ಮಾವಂದಿರ ಪಟ್ಟಿ ಮಾಡಿಕೊಂಡು ಕೂತಿದ್ದಾಳೆ ಎಂದುಕೊಂಡು ಮೂಢನಂಬಿಕೆಯ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದೆ. ಉಡಚಮ್ಮ ಎಲ್ಲವನ್ನೂ ಕೇಳಿ, ಲೋಟ ತೊಳೆದಿಟ್ಟು, ಪುಸ್ತಕವನ್ನು ಬೀರುವಿನ ಮೇಲಿನ ಖಾನೆಗೆ ಸೇರಿಸಿದಳು. ಎದುರು ಮಾತಾಡಲಿಲ್ಲ, ಪುಸ್ತಕವನ್ನು ಬಿಡಲೂ ಇಲ್ಲ.

ಆಮೇಲೆ ತಿಂಗಳು ತಿಂಗಳು ಹೋಗುತ್ತಾ ಅವಳು ಮಾಡುವ ಕೆಲಸ ನೋಡಿದೆ. ವಯಸ್ಸು ಐವತ್ತರ ಮೇಲೆ, ಆಳು ಗಿಡ್ಡ, ನಡಿಗೆ ಮಾತ್ರ ಓಟ. ಕೂಸಿನ ತೂಕ ಮಾಡಿದ ಮೇಲೆ ಸೋಪು ಹಾಕಿ ಕೈ ತೊಳೆದು, ಕಿರುಬೆರಳನ್ನು ಒಸಡಿನ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು. ಕಣ್ಣು ಮಾತ್ರ ಎಲ್ಲೋ ಗೋಡೆಯ ಮೇಲೆ. “ಇನ್ನೆಂಟು ದಿನ,” ಎನ್ನುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅದು ಸರಿಯಾಗುತ್ತಿತ್ತು. ಮಗುವಿಗೆ ಭೇದಿಯಾದರೆ ಹಲ್ಲು ಬರುತ್ತಿದೆ ಬಿಡು ಎಂದು ಸುಮ್ಮನಿರುವ ತಾಯಂದಿರನ್ನು ಅವಳು ಬಯ್ಯುವುದನ್ನು ಕೇಳಬೇಕು. ನನ್ನ ಗದರಿಕೆ ಅದರ ಮುಂದೆ ಏನೂ ಅಲ್ಲ. “ಹಲ್ಲು ಬಂದ್ರೆ ಜೊಲ್ಲು ಬರ್ತೈತೆ, ಅಳು ಬರ್ತೈತೆ. ಭೇದಿ ಬರೋದು ನೀನು ತೊಳೀದೆ ಕೊಟ್ಟ ಬಟ್ಲಿಂದ. ಎದ್ದು ದವಾಖಾನಿಗೆ ನಡಿ,” ಎಂದು ಎಬ್ಬಿಸಿ ಕಳಿಸುತ್ತಿದ್ದಳು.

ತಾಯಂದಿರ ಸಭೆಯಲ್ಲಿ ಅವಳು ಎಳೆಯ ಮೆಕ್ಕೆಜೋಳದ ತೆನೆಯೊಂದನ್ನು ಹಿಡಿದು ಕೂರುತ್ತಿದ್ದಳು. “ಸಿಪ್ಪಿ ಸುಲಿಯೋಕೆ ಮೊದ್ಲೇ ಒಳಗೆ ಕಾಳು ಸಾಲಾಗಿ ಕೂತಿಲ್ವಾ? ಕೂಸಿನ ಹಲ್ಲೂ ಹಂಗೇ. ಹೊಟ್ಟಿಯಾಗಿದ್ದಾಗ್ಲೇ ಒಸಡಿನ ಒಳಗೆ ಕೂತಿರ್ತಾವೆ. ಹಾಲಲ್ಲು ಇಪ್ಪತ್ತು. ಹುಟ್ಟಿದ ಮ್ಯಾಲೆ ಅವುಗಳ ಬೇರಿನ ಹತ್ರ ದೊಡ್ಡ ಹಲ್ಲು ಒಳಗೊಳಗೇ ಬೆಳೀತಾ ಇರ್ತಾವೆ. ಅದಕ್ಕೇ ಹಾಲಲ್ಲು ಹುಳುಕಾದ್ರೆ ಹೋಗ್ಲಿ ಬಿಡು ಅನ್ನಬ್ಯಾಡ್ರಿ. ಅದು ದೊಡ್ಡ ಹಲ್ಲಿಗೆ ಜಾಗ ಹಿಡಿದು ಕೂತೈತೆ. ಅದು ಬೇಗ ಹೋದ್ರೆ ಆಜೂಬಾಜಿನವು ಸರ್ಕೊಂಡು ಬಂದು ಜಾಗ ತಿಂದುಬಿಡ್ತಾವೆ,” ಎನ್ನುತ್ತಿದ್ದಳು. ನಾನು ಓದಿದ ತರಬೇತಿ ಪುಸ್ತಕದಲ್ಲಿ ಇದು ಒಂದು ಸಾಲೂ ಇರಲಿಲ್ಲ.

ನನ್ನ ಸೊಕ್ಕು ಇಳಿದದ್ದು ನನ್ನ ಮಗಳಿಂದ. ಆರೂವರೆ ವರ್ಷದಲ್ಲಿ ಅವಳ ಕೆಳಗಿನ ಮುಂದಲ್ಲು ಇನ್ನೂ ಬಿದ್ದಿರಲಿಲ್ಲ, ಅದರ ಹಿಂದೆ ಇನ್ನೊಂದು ಹಲ್ಲು ಎದ್ದಿತ್ತು. ಎರಡು ಸಾಲು! ನಾನು ಬೆಳಗಿನ ಅಡುಗೆ ಬಿಟ್ಟು ಅಳುತ್ತಾ ಕೂತೆ. ಗಂಡ ಆಟೋ ಕರೆಯಲು ಹೋದರು. ಅಷ್ಟರಲ್ಲಿ ಏನೋ ಹೊಳೆದು ಉಡಚಮ್ಮನಿಗೆ ಫೋಟೋ ಕಳಿಸಿದೆ.

“ಮುಂದಿನ ಹಲ್ಲು ಅಲ್ಲಾಡ್ತೈತಾ ನೋಡ್ರಿ,” ಎಂದಳು.

“ಸ್ವಲ್ಪ ಅಲ್ಲಾಡುತ್ತೆ.”

“ಹಂಗಾದ್ರೆ ಹೆದರಬ್ಯಾಡ್ರಿ. ದೊಡ್ಡ ಹಲ್ಲು ಮ್ಯಾಲೆ ಬರ್ತಾ ಬರ್ತಾ ಹಾಲಲ್ಲಿನ ಬೇರು ಕರಗಿಸ್ತೈತೆ. ಬಿದ್ದ ಹಲ್ಲು ತಿರುಗಿಸಿ ನೋಡ್ರಿ, ಬೇರೇ ಇರಲ್ಲ. ಇದು ಒಂಚೂರು ಹಿಂದೆ ಎದ್ದೈತೆ, ಹಂಗಾಗಿ ಬೇರು ಕರಗೋದು ತಡ ಆಗೈತೆ. ಎರಡು ತಿಂಗ್ಳು ಕಾಯ್ರಿ. ಬೀಳದಿದ್ರೆ ಡಾಕ್ಟ್ರ ಹತ್ರ ಹೋಗ್ರಿ.”

ಮೂರನೇ ವಾರಕ್ಕೆ ಹಲ್ಲು ಬಿತ್ತು. ತಿರುಗಿಸಿ ನೋಡಿದೆ, ಬೇರು ಅರ್ಧವೂ ಇರಲಿಲ್ಲ. ಹಿಂದಿದ್ದ ಹಲ್ಲನ್ನು ಮಗಳ ನಾಲಿಗೆಯೇ ದಿನಾ ನೂಕಿ ನೂಕಿ ಸಾಲಿಗೆ ತಂದಿತು. ಮುಂದಿನ ತಪಾಸಣೆಯಲ್ಲಿ ಬೀರುವಿನ ಮೇಲಿನ ಖಾನೆಯನ್ನು ನಾನು ನೋಡಿಯೂ ನೋಡದವಳಂತೆ ಇದ್ದೆ.

ಇಷ್ಟೆಲ್ಲ ಎಲ್ಲಿ ಕಲಿತೆ ಎಂದು ಒಮ್ಮೆ ಕೇಳಿದ್ದೆ. “ಹದಿನೇಳು ವರ್ಷದ ಹಿಂದೆ ಹರಿಹರದಾಗೆ ಹಲ್ಲಿನ ಶಿಬಿರ ಆಗಿತ್ರಿ. ಮಗನ್ನ ಕರ್ಕೊಂಡು ಹೋಗಿದ್ದೆ. ಒಬ್ರು ಡಾಕ್ಟ್ರಮ್ಮ ಎಕ್ಸ್‌ರೇ ಬೆಳಕಿಗೆ ಹಿಡ್ದು ತೋರಿಸಿದ್ರು,” ಎಂದವಳು, ಮಾತು ಅಲ್ಲಿಗೇ ನಿಲ್ಲಿಸಿ ಮಕ್ಕಳ ತಟ್ಟೆ ಎಣಿಸತೊಡಗಿದಳು.

ಆ ಮಗ ತಿಮ್ಮೇಶ್. ಇಪ್ಪತ್ತೇಳು ವರ್ಷ, ಹರಿಹರದಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ಒಳ್ಳೆಯ ಹುಡುಗ, ನಗುವಾಗ ಮಾತ್ರ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಮೇಲಿನ ಮುಂದಲ್ಲೊಂದು ಒಸಡಿನ ಹತ್ತಿರವೇ ಸಿಕ್ಕಿಕೊಂಡು ಓರೆಯಾಗಿದೆ, ಅದರ ಮೇಲೆ ಕಂದು ಕಲೆ. ಪಕ್ಕದ ಹಲ್ಲುಗಳು ಅದರ ಜಾಗಕ್ಕೆ ವಾಲಿವೆ. “ಸಣ್ಣವನಿದ್ದಾಗ ಬಿದ್ದಿದ್ದ,” ಎಂದು ಉಡಚಮ್ಮ ಹೇಳಿದ್ದಳು. ಊರವರು ಬೇರೆಯದನ್ನು ಹೇಳುತ್ತಿದ್ದರು. ತಿಮ್ಮೇಶನಿಗೆ ಮೇಲಿನ ಹಲ್ಲು ಮೊದಲು ಬಂದಿತ್ತಂತೆ, ಅವನು ವರ್ಷ ತುಂಬುವ ಮೊದಲೇ ಉಡಚಮ್ಮನ ತಮ್ಮ ತಿಪ್ಪೇರುದ್ರಪ್ಪ ಗದ್ದೆಯಲ್ಲಿ ಕರೆಂಟು ಹೊಡೆದು ಸತ್ತನಂತೆ. ಊರಲ್ಲಿ ತಿಮ್ಮೇಶ ಎಂಬ ಹೆಸರಿನವರು ನಾಲ್ವರಿದ್ದಾರೆ. ಇವನನ್ನು ಗುರುತು ಹೇಳಬೇಕಾದರೆ ‘ಮಾವನ್ನ ತಿಂದ ತಿಮ್ಮೇಶಿ’ ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದೇನಲ್ಲ, ರೂಢಿಯಿಂದ. ಅದೇ ಹೆಚ್ಚು ಕೆಟ್ಟದ್ದು ಎಂದು ನನಗನ್ನಿಸುತ್ತದೆ.

ಕಳೆದ ಏಪ್ರಿಲ್‌ನ ಒಂದು ಗುರುವಾರ ನಾನು ಕೇಂದ್ರದಲ್ಲಿ ಕೂತಿದ್ದಾಗ ದುರ್ಗಾ ಬಂದಳು. ಪಾಲಯ್ಯ ಮತ್ತು ಕರಿಬಸಮ್ಮನ ಮಗಳು, ದಾವಣಗೆರೆಗೆ ಮದುವೆಯಾಗಿ ಹೋದವಳು. ಅಣ್ಣ ಹನುಮೇಶನ ಮದುವೆಗೆಂದು ಹದಿನೈದು ದಿನ ಮೊದಲೇ ತವರಿಗೆ ಬಂದಿದ್ದಳು. ಕಂಕುಳಲ್ಲಿ ಒಂಬತ್ತು ತಿಂಗಳ ಹೆಣ್ಣು ಕೂಸು. ಕಣ್ಣು ಊದಿಕೊಂಡಿದ್ದವು.

“ಉಡಚಮ್ಮಕ್ಕ, ಇಷ್ಟು ಸಣ್ಣ ಕೂಸಿನ ಹಲ್ಲು ಕಿತ್ರೆ ತಡ್ಕೊಳ್ತೈತಾ?” ಎಂದು ಕೇಳಿದಳು.

ನಡೆದದ್ದಿಷ್ಟು. ಹಿಂದಿನ ದಿನ ಕರಿಬಸಮ್ಮ ಮೊಮ್ಮಗಳಿಗೆ ರಾಗಿ ಸರಿ ತಿನ್ನಿಸುವಾಗ ಚಮಚ ಟಿಕ್ ಎಂದಿತು. ಹಲ್ಲು ಬಂತೆಂದು ಖುಷಿಯಿಂದ ತುಟಿ ಎತ್ತಿ ನೋಡಿದರೆ, ಮೇಲೆ ಬಿಳಿ ಅಂಚು. ಕೆಳಗೆ ಏನೂ ಇಲ್ಲ. ಹನುಮೇಶ ಭತ್ತ ಕೊಯ್ಯುವ ಯಂತ್ರ ಓಡಿಸುವವನು, ಗಂಗಾವತಿ ಕಡೆ ಕೆಲಸಕ್ಕೆ ಹೋಗಿದ್ದ, ಶನಿವಾರ ಬರುವವನಿದ್ದ. ಅವನು ಕೂಸಿನ ಮುಖ ನೋಡುವ ಮೊದಲು ಆ ಹಲ್ಲು ಹೋಗಬೇಕು, ಇಲ್ಲವಾದರೆ ದುರ್ಗಾ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗಬೇಕು, ಮದುವೆಗೆ ಬರಕೂಡದು ಎಂದು ಕರಿಬಸಮ್ಮ ಹಟ ಹಿಡಿದಿದ್ದಳು. ಹರಿಹರದಲ್ಲಿ ಹಲ್ಲು ಕೀಳುವವನೊಬ್ಬನನ್ನು ಹುಡುಕಿಯೂ ಆಗಿತ್ತು. ಶುಕ್ರವಾರ ಬೆಳಿಗ್ಗೆ ಹೊರಡುವುದೆಂದು ತೀರ್ಮಾನ.

“ಅಣ್ಣನ ಹಿಂದೆ ಕಳಸ ಹಿಡಿಯೋಕೆ ಇರೋದು ನಾನೊಬ್ಳೇ ತಂಗಿ ಅಕ್ಕ,” ಎಂದು ದುರ್ಗಾ ಬಿಕ್ಕಿದಳು. “ನಾ ಇಲ್ದೆ ಅವನ ಮದ್ವಿ ಹೆಂಗಾಗ್ತೈತೆ? ಕೂಸಿಗೆ ನೋವಾಗ್ತೈತೆ ಅಂತ ಹೊಟ್ಟಿ ಉರೀತೈತೆ. ಆದ್ರೆ ನಾಳೆ ಅಣ್ಣಗೇನಾದ್ರೂ ಆದ್ರೆ? ಒಂದು ಹಲ್ಲಲ್ವಾ ಅಕ್ಕ. ಹೆಂಗೂ ಬಿದ್ದು ಹೋಗೋ ಹಲ್ಲು.”

ನಾನು ಎದ್ದು ನಿಂತು ಕಾನೂನು, ಪೊಲೀಸು, ಮಕ್ಕಳ ಹಕ್ಕು ಎಂದು ಶುರು ಮಾಡಿದೆ. ದುರ್ಗಾ ಇನ್ನೂ ಜೋರಾಗಿ ಅತ್ತಳು, ಕೂಸೂ ಅತ್ತಿತು.

“ನೀವು ಒಂಚೂರು ಸುಮ್ಕಿರ್ರಿ ಮೇಡಂ,” ಎಂದಳು ಉಡಚಮ್ಮ. ಇಪ್ಪತ್ತು ವರ್ಷದ ನೌಕರಿಯಲ್ಲಿ ಕಾರ್ಯಕರ್ತೆಯೊಬ್ಬಳು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ಸುಮ್ಮನಾದೆ. ಅವಳು ಕೈ ತೊಳೆದು ಕೂಸಿನ ಒಸಡು ಮುಟ್ಟಿದಳು. “ಕೆಳಗಿಂದೂ ಬರ್ತಾ ಐತೆ. ಹತ್ತು ಹನ್ನೆರಡು ದಿನ ಬೇಕು. ಅಲ್ಲೀತನ ಕಾಯೋ ಹಂಗಿಲ್ಲ,” ಎಂದವಳು ದುರ್ಗಾಳ ಕಡೆ ತಿರುಗಿದಳು. “ನಾಳೆ ನಾ ಬರೋತನ ನಿಮ್ಮವ್ವನ್ನ ಹೊಸ್ತಿಲು ದಾಟಿಸಬ್ಯಾಡ. ಅಷ್ಟು ಮಾಡು.”

ಆಮೇಲೆ ಪುಸ್ತಕ ಇಳಿಸಿದಳು. ಹದಿನೇಳು ವರ್ಷದಲ್ಲಿ ನಾನೂರಕ್ಕೂ ಮೇಲೆ ಮಕ್ಕಳು. ಮೇಲಿನ ಹಲ್ಲು ಮೊದಲು ಬಂದ ಹೆಸರುಗಳ ಪಕ್ಕ ಕೆಂಪು ಚುಕ್ಕೆ ಇತ್ತು. ಅಂಥವು ಇಪ್ಪತ್ಮೂರು. ಆ ಮಕ್ಕಳ ಸೋದರಮಾವಂದಿರು ಮೂವತ್ತೊಂದು ಮಂದಿ. ಮಾವಂದಿರ ಹೆಸರಿನ ಪಕ್ಕ, ಯಾವ ವರ್ಷ ವಿಚಾರಿಸಿದಾಗ ‘ಇದ್ದಾರೆ’ ಎಂದು ತಿಳಿಯಿತೋ ಅದನ್ನೂ ಬರೆದಿದ್ದಳು. ಆರು ವರ್ಷದ ಹಿಂದೆ ನಾನು ಬಿಗಿದ ಭಾಷಣ ನೆನಪಾಗಿ ಕಿವಿ ಬಿಸಿಯಾಯಿತು. ಅವಳು ಮಧ್ಯಾಹ್ನವೆಲ್ಲ ಆ ಮಾವಂದಿರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಮರುದಿನ ಬೆಳಿಗ್ಗೆ ಹರಿಹರಕ್ಕೆ ಬರಲು ಕೇಳಿಕೊಂಡಳು.

ಮರುದಿನ ಮೊದಲ ಬಸ್ಸಿಗೇ ದಾವಣಗೆರೆಯಿಂದ ಹೊರಟೆ. ನನ್ನ ಡ್ಯೂಟಿ ಅವತ್ತು ಬೇರೆ ಊರಲ್ಲಿತ್ತು, ಇರಲಿ. ಹರಿಹರದ ಬಸ್ ನಿಲ್ದಾಣದ ಹೊರಗೆ ಉಡಚಮ್ಮನ ಜೊತೆ ಏಳು ಜನ ಸೋದರಮಾವಂದಿರು ನಿಂತಿದ್ದರು. ಅವರನ್ನು ಕರೆದೊಯ್ಯಲು ಒಪ್ಪಿದ್ದ ಗಾಡಿಯವನು ಕೈಕೊಟ್ಟಿದ್ದ. ಉಡಚಮ್ಮ ಬೇರೆ ದಾರಿಯಿಲ್ಲದೆ ಮಗನಿಗೆ ಫೋನ್ ಮಾಡಿದಳು. ಮಾಡುವಾಗ ಅವಳ ಮುಖ ಸಪ್ಪಗಾದದ್ದು ನನಗೆ ಅರ್ಥವಾಗಲಿಲ್ಲ. ಮಾವಂದಿರು ಲಗೇಜ್ ಆಟೋದ ಹಿಂದೆ ಸರಳು ಹಿಡಿದು ನಿಂತರು. ನಾವಿಬ್ಬರೂ ತಿಮ್ಮೇಶನ ಪಕ್ಕ ಒತ್ತರಿಸಿಕೊಂಡು ಕೂತೆವು.

ದಾರಿಯಲ್ಲಿ ನಾನು ಅವಳ ಕಿವಿಯಲ್ಲಿ, “ಮೊದಲನೇ ಪುಟ ತೆಗಿಬೇಡ,” ಎಂದೆ. ಮೊದಲನೇ ಪುಟದ ಮೊದಲ ಹೆಸರು ತಿಮ್ಮೇಶನದೇ, ಸೋದರಮಾವನ ಅಂಕಣದಲ್ಲಿ ‘ತೀರಿಕೊಂಡ’ ಎಂದು ಬರೆದಿತ್ತು. ಅವಳು ಪುಸ್ತಕವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದುಕೊಂಡಳು. ಸಾರಥಿ ತಲುಪಿದಾಗ ಮಗನಿಗೆ, “ನೀನು ಗಾಡಿಯಾಗೇ ಇರು. ಒಳಗೆ ಬರಬ್ಯಾಡ,” ಎಂದಳು.

ಕರಿಬಸಮ್ಮ ಚೀಲ ಹಿಡಿದು, ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲೇ ನಿಂತಿದ್ದಳು. ದುರ್ಗಾ ಬಾಗಿಲಿಗೆ ಅಡ್ಡ ಕೂತಿದ್ದಳು. ಪಾಲಯ್ಯ ಕಟ್ಟೆಯ ಮೇಲೆ ಕೂತು ಇಬ್ಬರ ಮುಖವನ್ನೂ ನೋಡದೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಏಳು ಜನ ಗಂಡಸರು ಒಳಗೆ ನುಗ್ಗಿದ್ದನ್ನು ನೋಡಿ ಕರಿಬಸಮ್ಮ ಬೆಚ್ಚಿದಳು.

“ಯಾರಿವ್ರೆಲ್ಲಾ?”

“ಸೋದರಮಾವಂದಿರು ಕರಿಬಸಕ್ಕ,” ಎಂದಳು ಉಡಚಮ್ಮ. “ಎಲ್ರ ಸೊಸೆ, ಅಳಿಯಂದಿರಿಗೂ ಮೇಲಿನ ಹಲ್ಲೇ ಮೊದ್ಲು ಬಂದಿದ್ದು. ಕೂಡ್ರಿ, ನೀವೇ ಹೇಳ್ರಿ.”

ಮೊದಲು ಬಾಯಿ ತೆರೆದವನು ಕೊಡಪಾನಗಳಿಗೆ ಬೆಸುಗೆ ಹಾಕುವ ಮಸ್ತಾನಸಾಬ್. “ನನ್ನ ತಂಗಿ ದಿಲ್ಷಾದ್ ಮಗಳು ನುಜತ್ ಐತಲ್ಲವ್ವಾ, ಈಗ ಕಾಲೇಜಿಗೆ ಹೋಗ್ತೈತೆ. ಅದಕ್ಕೆ ಮ್ಯಾಲಿನ ಹಲ್ಲು ಬಂದಾಗ ನಮ್ಮಮ್ಮ ನನ್ನ ಆರು ತಿಂಗ್ಳು ತಂಗಿ ಮನಿಗೆ ಬಿಡ್ಲಿಲ್ಲ. ಬಿರಿಯಾನಿ ತಪ್ಪೋಯ್ತು, ಅಷ್ಟೇ ಲುಕ್ಸಾನು.” ವಾಮದೇವಪ್ಪನಿಗೆ ಅರವತ್ತು ದಾಟಿತ್ತು. “ನನ್ನ ಅಳಿಯಂದು ಮ್ಯಾಲಿನ ಹಲ್ಲು ಮೊದ್ಲು ಬಂತು. ಹೋಗಿದ್ದು ನನ್ನ ಹಲ್ಲು, ಜೀವ ಗಟ್ಟಿ ಐತೆ,” ಎಂದು ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಹೊರಗೆ ತೆಗೆದು ತೋರಿಸಿದ. ಪಾಲಯ್ಯ ನಕ್ಕುಬಿಟ್ಟ. ಸಣ್ಣತಿಮ್ಮಪ್ಪನಿಗೆ ಇಬ್ಬರು ಸೊಸೆಯಂದಿರು, ಇಬ್ಬರಿಗೂ ಹಾಗೇ ಆಗಿತ್ತು. “ಲೆಕ್ಕದ ಪ್ರಕಾರ ನಾನು ಎರಡು ಸಲ ಸಾಯ್ಬೇಕಿತ್ತು,” ಎಂದ. ಉಳಿದವರೂ ತಮ್ಮ ತಮ್ಮದು ಹೇಳಿದರು. ದುರ್ಗಾಳ ಮುಖದಲ್ಲಿ ಜೀವ ಬಂದಿತ್ತು. ಗೆದ್ದೆವು ಎಂದುಕೊಂಡೆ.

ಕರಿಬಸಮ್ಮ ಓದಿದವಳಲ್ಲ, ಆದರೆ ದಡ್ಡಿಯಲ್ಲ. ಎಲ್ಲ ಮುಗಿಯುವ ತನಕ ಕೇಳಿ, “ಇವ್ರೆಲ್ಲ ಉಳ್ಕೊಂಡೋರು, ಬಂದ್ರು. ಸತ್ತೋರನ್ನ ಗಾಡಿ ಮಾಡಿ ಕರ್ಕೊಂಡು ಬರೋಕಾಗಲ್ಲಲ್ಲ,” ಎಂದಳು. ಆಮೇಲೆ ಮೆಲ್ಲಗೆ, “ನಿನ್ನ ತಮ್ಮ ಎಲ್ಲಿ ಉಡಚಮ್ಮ?” ಎಂದು ಕೇಳಿದಳು.

ಆ ಮಾತಿಗೆ ನನ್ನ ಹತ್ತಿರ ಯಾವ ಸುತ್ತೋಲೆಯೂ ಇರಲಿಲ್ಲ.

ಉಡಚಮ್ಮ ಮೊದಲನೇ ಪುಟ ತೆರೆದಳು. “ಇಲ್ಲಿ ಬರ್ದೀನಿ ಅಕ್ಕ. ಮುಚ್ಚಿಟ್ಟಿಲ್ಲ. ಮೂವತ್ತೊಂದ್ರಾಗೆ ಅವನೊಬ್ನೇ ಹೋದೋನು. ಕೆಳಗಿನ ಹಲ್ಲು ಮೊದ್ಲು ಬಂದ ಮಕ್ಳ ಮಾವಂದಿರನ್ನೂ ವಿಚಾರಿಸೀನಿ. ಅವರಾಗೆ ನಲವತ್ತೊಂದು ಜನ ಹೋಗ್ಯಾರೆ. ಅವ್ರನ್ನ ಯಾವ ಹಲ್ಲು ತಿಂತು?”

“ನಂಗೆ ಆ ಲೆಕ್ಕ ಬ್ಯಾಡ. ನನಗಿರೋದು ಒಬ್ನೇ ಮಗ. ನಿನ್ನ ತಮ್ಮಂದು ಹೇಳು.”

ಆಗಲೇ ಬಾಗಿಲಲ್ಲಿ ನೆರಳಾಡಿತು. ವಾಮದೇವಪ್ಪ ಗಾಡಿಯಲ್ಲಿ ಮರೆತಿದ್ದ ಊರುಗೋಲು ಹಿಡಿದು ತಿಮ್ಮೇಶ ನಿಂತಿದ್ದ. ಉಡಚಮ್ಮ ಅವನನ್ನು ನೋಡಿದಳು. ಅವಳು ಮಾತು ನುಂಗಿಕೊಳ್ಳಬಹುದಿತ್ತು. ನಾನಾಗಿದ್ದರೆ ನುಂಗುತ್ತಿದ್ದೆ. ಅವಳು ಕೂಸಿನ ಕಡೆ ನೋಡಿದಳು, ಆಮೇಲೆ ಹೇಳಿದಳು.

“ನಾನೂ ಕೀಳಿಸಿದ್ದೆ ಅಕ್ಕ.”

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

“ಇವನು ಒಂಬತ್ತು ತಿಂಗ್ಳ ಕೂಸು. ಮ್ಯಾಲಿನ ಹಲ್ಲು ಬಂತು. ತಮ್ಮ ಅಂದ್ರೆ ನಂಗೆ ಪ್ರಾಣ. ಯಾರಿಗೂ ಹೇಳ್ದೆ ಹರಿಹರಕ್ಕೆ ಹೊತ್ಕೊಂಡು ಹೋದೆ. ಸಂತಿಯಾಗೆ ಕೂತಿದ್ದ ಒಬ್ಬ ಇಕ್ಕಳ ಹಾಕಿ ಕಿತ್ತ. ನನ್ನ ಸೆರಗೆಲ್ಲ ರಕ್ತ. ಮನಿಗೆ ಬಂದು, ಕೂಸು ಕಟ್ಟಿ ಮ್ಯಾಗಿಂದ ಬಿತ್ತು ಅಂದೆ. ತಮ್ಮ ಉಳಿದ ಅಂತ ಅವತ್ತು ಹೊಟ್ಟಿ ತುಂಬ ಉಂಡೆ. ಎರಡು ತಿಂಗ್ಳಿಗೆ ಅವನು ಗದ್ದಿಯಾಗೆ ಮೋಟ್ರಿನ ಡಬ್ಬಿ ಮುಟ್ಟಿ ಹೋದ. ಅವನು ಹೋದಾಗ ನನ್ನ ಮಗನ ಬಾಯಾಗೆ ಆ ಹಲ್ಲೇ ಇರ್ಲಿಲ್ಲ ಅಕ್ಕ. ಕಿತ್ರೆ ಉಳೀತಾರೆ ಅನ್ನೋದು ನಿಜ ಆಗಿದ್ರೆ ನನ್ನ ತಮ್ಮ ಇವತ್ತು ಈ ಸಾಲಿನಾಗೆ ಕೂತಿರ್ತಿದ್ದ.”

ಅವಳು ಪುಟದ ಮೇಲಿದ್ದ ಮಗನ ಹೆಸರಿಗೆ ಬೆರಳಿಟ್ಟಳು. “ಹೋಗಿದ್ದು ಒಂದು ಹಲ್ಲಲ್ಲ. ಒಳಗೆ ದೊಡ್ಡ ಹಲ್ಲು ಇನ್ನೂ ಎಳೇದು ಕೂತಿತ್ತು, ಇಕ್ಕಳ ಅದಕ್ಕೂ ತಾಗಿತ್ತು. ಏಳೆಂಟು ವರ್ಷಕ್ಕೆ ಬರೋದು ಹತ್ತಾದ್ರೂ ಬರ್ಲಿಲ್ಲ. ಶಿಬಿರದಾಗೆ ಡಾಕ್ಟ್ರಮ್ಮ ಎಕ್ಸ್‌ರೇ ನೋಡಿ, ಸಣ್ಣದಿದ್ದಾಗ ಏನಾಗಿತ್ತು ಅಂತ ಕೇಳಿದ್ರು. ಅವ್ರ ಮುಂದೂ ಬಿದ್ದಿದ್ದ ಅಂದೆ. ಅವತ್ತೇ ಈ ಪುಸ್ತಕ ತಂದೆ.”

ತಿಮ್ಮೇಶ ಊರುಗೋಲನ್ನು ಗೋಡೆಗೆ ಒರಗಿಸಿದ. ಅಮ್ಮನ ಕಡೆ ನೋಡಲಿಲ್ಲ. ನೇರ ಕರಿಬಸಮ್ಮನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಬಾಯಿಗೆ ಹೋದ ಕೈಯನ್ನು ತಾನೇ ಕೆಳಗಿಳಿಸಿ, ತುಟಿ ಎತ್ತಿ ತೋರಿಸಿದ.

“ನೋಡವ್ವ. ಕಿತ್ರೆ ಹಿಂಗಾಗ್ತೈತೆ. ಮಾವನೂ ಉಳೀಲಿಲ್ಲ.”

ಕರಿಬಸಮ್ಮ ಬಹಳ ಹೊತ್ತು ನೋಡಿದಳು. ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಮತ್ತೊಮ್ಮೆ ನೋಡಿದಳು. ಹೆಗಲ ಮೇಲಿದ್ದ ಕೂಸು ಕೈ ಚಾಚಿ ಅವನ ಮೂಗು ಹಿಡಿಯಿತು. ಅವಳು ಚೀಲವನ್ನು ಕೆಳಗಿಟ್ಟು ಗಂಡನಿಗೆ, “ಹನುಮಗೆ ಫೋನ್ ಹಚ್ರಿ,” ಎಂದಳು. ಆ ಕಡೆ ಯಂತ್ರದ ಸದ್ದಿನ ನಡುವೆ ಹನುಮೇಶ ಹಲೋ ಎಂದ. “ನಿನ್ನ ಸೊಸಿಗೆ ಹಲ್ಲು ಬಂದೈತೆ. ಮ್ಯಾಲಿಂದು. ನಾಳೆ ಬರೋವಾಗ ಬರಿಗೈಯಾಗೆ ಬರಬ್ಯಾಡ,” ಎಂದು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ದುರ್ಗಾ ಉಡಚಮ್ಮನ ಕಾಲು ಹಿಡಿಯಲು ಹೋದಳು. ಉಡಚಮ್ಮ ಅದಾಗಲೇ ಹೊರಗೆ ನಡೆದಿದ್ದಳು.

ವಾಪಸು ಬರುವಾಗ ಅರ್ಧ ದಾರಿಗೆ ತಿಮ್ಮೇಶ ನಾಲೆಯ ಸೇತುವೆ ಹತ್ತಿರ ಗಾಡಿ ನಿಲ್ಲಿಸಿದ.

“ನಾನು ಮಾವನ್ನ ತಿಂದಿಲ್ಲ ಅಂತ ನಿಂಗೆ ಗೊತ್ತಿತ್ತಲ್ಲವ್ವ?”

“ಗೊತ್ತಿತ್ತು.”

“ಇಪ್ಪತ್ತಾರು ವರ್ಷದಿಂದ.”

“ಹೂಂ.”

“ನಂಗೆ ಗೊತ್ತಿರ್ಲಿಲ್ಲ,” ಎಂದ. ಅಷ್ಟೇ ಹೇಳಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತ. ಉಡಚಮ್ಮ ಅವನ ಬೆನ್ನ ಮೇಲೆ ಕೈ ಇಡಲು ಹೋಗಿ ಇಡಲಾರದೆ ಕೂತಳು. ನಾನೂ ಅತ್ತೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಿಂದಿನಿಂದ ಮಸ್ತಾನಸಾಬ್ ಇಳಿದು ಬಂದು, “ಏಳೋ ಬೇಟಾ, ಬಿಸಿಲು ಏರ್ತಾ ಐತೆ,” ಎಂದು ಅವನ ಭುಜ ತಟ್ಟಿದ ಮೇಲೆಯೇ ಗಾಡಿ ಹೊರಟಿತು.

ಹನುಮೇಶನ ಮದುವೆ ಹರಿಹರದಲ್ಲಾಯಿತು. ದುರ್ಗಾ ಕಳಸ ಹಿಡಿದು ಅಣ್ಣನ ಹಿಂದೆಯೇ ನಿಂತಿದ್ದಳು. ಬಾಸಿಂಗ ಕಟ್ಟಿಕೊಂಡ ಹನುಮೇಶ ತೊಡೆಯ ಮೇಲೆ ಸೊಸೆಯನ್ನು ಕೂರಿಸಿಕೊಂಡು ಬೆರಳು ಕಚ್ಚಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಕೆಳಗೂ ಒಂದು ಬಿಳಿ ಅಂಚು ಕಂಡಿತ್ತು. ತಿಮ್ಮೇಶ ಊಟಕ್ಕೆ ಬಂದಿದ್ದ, ಅಮ್ಮನಿಂದ ಎರಡು ಸಾಲು ದೂರ ಕೂತಿದ್ದ. ಅವಳು ತಲೆ ತಗ್ಗಿಸಿ ಉಂಡಳು. ಉಡಚಮ್ಮನ ತಪ್ಪು ಸಣ್ಣದು ಎಂದು ನಾನು ಹೇಳುವುದಿಲ್ಲ. ಆದರೆ ಯಾರದೋ ಕೂಸಿನ ಒಂದು ಹಲ್ಲಿಗಾಗಿ ತನ್ನ ಮಗನನ್ನು ಕಳೆದುಕೊಳ್ಳಲು ತಯಾರಾಗಿ ಆ ಪಡಸಾಲೆಯಲ್ಲಿ ಬಾಯಿ ತೆರೆದವಳನ್ನು ನಾನು ನೋಡಿದ್ದೇನೆ. ಅಂಥ ಧೈರ್ಯವನ್ನು ಮತ್ತೆಲ್ಲೂ ನೋಡಿಲ್ಲ.

ಜೂನ್ ತಿಂಗಳ ತಪಾಸಣೆಗೆ ಹೋದಾಗ ಹಲ್ಲಿನ ಪುಸ್ತಕ ಬೀರುವಿನಲ್ಲಿರಲಿಲ್ಲ, ಉಳಿದ ಪುಸ್ತಕಗಳ ಜೊತೆ ಮೇಜಿನ ಮೇಲೇ ಇತ್ತು. ಉಡಚಮ್ಮ ಅದನ್ನು ನನ್ನ ಕಡೆ ಸರಿಸಿ, “ಮೊನ್ನೆ ಆಹಾರದ ಮೂಟಿ ಇಳಿಸೋಕೆ ಬಂದಿದ್ದ. ಕೇಳಿ ಇಸ್ಕೊಂಡ,” ಎಂದಳು. ಮೊದಲನೇ ಪುಟ ತೆರೆದೆ. ತಿಪ್ಪೇರುದ್ರಪ್ಪನ ಹೆಸರಿನ ಮುಂದೆ, ‘ತೀರಿಕೊಂಡ’ ಎಂಬುದರ ಕೆಳಗೆ, ಬೇರೆಯವರ ಉದ್ದುದ್ದ ಅಕ್ಷರದಲ್ಲಿ ಹೊಸ ಸಾಲೊಂದು ಸೇರಿತ್ತು.

‘ಕರೆಂಟು ಹೊಡೆದು. ಆಗ ನನಗೆ ಆ ಹಲ್ಲು ಇರಲಿಲ್ಲ. — ತಿಮ್ಮೇಶ್’

ಉಡಚಮ್ಮ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ನಾನು ಪೆನ್ನು ತೆಗೆದು ಆ ಸಾಲಿನ ಕೆಳಗೆ ದಿನಾಂಕ ಬರೆದು ಸಹಿ ಹಾಕಿದೆ, ಕಚೇರಿಯ ಮೊಹರನ್ನೂ ಒತ್ತಿದೆ.